ಯಾದಗಿರಿಯ ಹತ್ತಿ ಹೊಲ, ಯುರೋಪಿನ ಕಾಯ್ದೆ

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಭಾಗದ ಎರೆಭೂಮಿಯಲ್ಲಿ ಸಣ್ಣ ರೈತರ ಕೈಗೆ ರೊಕ್ಕ ತರುವ ಮುಖ್ಯ ಬೆಳೆ ಹತ್ತಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವಲ್ಲಿ ಭತ್ತ, ಮೆಣಸಿನಕಾಯಿಯೂ ಇವೆ. ಮಳೆಯನ್ನೇ ನಂಬಿದಲ್ಲಿ ತೊಗರಿ. ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆಯಾದ ಹತ್ತಿ ನೂಲಿನ ಗಿರಣಿ, ಗಾರ್ಮೆಂಟ್ ಕಾರ್ಖಾನೆ ದಾಟಿ ಯುರೋಪ್, ಅಮೆರಿಕದ ಅಂಗಡಿಗಳನ್ನು ಸೇರಬಹುದು. ಅಲ್ಲಿನ ಕಾಯ್ದೆಗಳು ಅದೇ ದಾರಿ ಹಿಡಿದು ಹೊಲಕ್ಕೆ ಬರುತ್ತವೆ.

ಜರ್ಮನಿಯ ಪೂರೈಕೆ ಸರಪಳಿ ಕಾಯ್ದೆ 2023ರ ಜನವರಿಯಿಂದ ಜಾರಿಯಲ್ಲಿದೆ. ದೊಡ್ಡ ಕಂಪನಿಗಳು ತಮಗೆ ಸರಕು ಒದಗಿಸುವವರಲ್ಲಿ ಬಾಲಕಾರ್ಮಿಕರಿದ್ದಾರೆಯೇ, ಜೀತವಿದೆಯೇ ಎಂದು ನೋಡಬೇಕೆಂಬುದು ಅದರ ತಿರುಳು. ಇಂಥದೇ ನಿರ್ದೇಶನವನ್ನು ಯುರೋಪಿನ ಒಕ್ಕೂಟ 2024ರಲ್ಲಿ ಹೊರಡಿಸಿ, 2025ರಲ್ಲಿ ಅದರ ಜಾರಿಯನ್ನು ಮುಂದೂಡಿತು. ಬಲವಂತದ ದುಡಿಮೆಯಿಂದಾದ ಸರಕಿಗೆ ಒಕ್ಕೂಟದ ನಿಷೇಧ 2027ರ ಡಿಸೆಂಬರಿನಿಂದ ಅನ್ವಯವಾಗಲಿದೆ. ಇವುಗಳಲ್ಲಿ ಯಾವುದೂ ರೈತನಿಗೆ ನೇರವಾಗಿ ಏನನ್ನೂ ವಿಧಿಸುವುದಿಲ್ಲ. ಕಂಪನಿ ಕಾರ್ಖಾನೆಯನ್ನು, ಕಾರ್ಖಾನೆ ಗಿರಣಿಯನ್ನು, ಗಿರಣಿ ಜಿನ್ನಿಂಗ್ ಮಿಲ್ಲನ್ನು ದಾಖಲೆ ಕೇಳುತ್ತದೆ. ಮುಂದೆ ಕೇಳಲು ಉಳಿಯುವವನು ಎರಡು ಎಕರೆಯವನೊಬ್ಬನೇ.

ದಾಖಲೆಯ ಎಳೆ ಮೊದಲು ತುಂಡಾಗುವುದು ಮಿಲ್ಲಿನ ಅಂಗಳದಲ್ಲಿ. 170 ಕಿಲೋದ ಒಂದು ಬೇಲ್ ಅರಳೆಗೆ ಸುಮಾರು ಐದು ಕ್ವಿಂಟಲ್ ಹತ್ತಿ ಬೇಕು. ಗಾಡಿ, ಟಂಟಂ, ಟ್ರ್ಯಾಕ್ಟರುಗಳಲ್ಲಿ ಬಂದ ಮಾಲು ಒಂದೇ ರಾಶಿಯಾಗಿ ಬಿದ್ದ ಮೇಲೆ ಯಾವ ಅರಳೆ ಯಾರ ಹೊಲದ್ದೆಂದು ಹೇಳಲಾಗದು. ಅದಕ್ಕೂ ಮೊದಲು ಉದ್ದರಿಯ ಗಂಟಿದೆ. ಬೀಜ, ಗೊಬ್ಬರ, ಸಿಂಪಡಿಸುವ ಎಣ್ಣೆಯನ್ನು ಸಾಲವಾಗಿ ಕೊಟ್ಟ ಅಂಗಡಿಯವರಿಗೋ ದಲ್ಲಾಳಿಗೋ ಬೆಳೆ ಹೋಗಲೇಬೇಕು. ಅಂಥ ರೈತನಿಗೆ ‘ದಾಖಲೆ ಇಡುವ ಖರೀದಿದಾರನಿಗೆ ಮಾರು’ ಎಂದು ಹೇಳಿ ಪ್ರಯೋಜನವಿಲ್ಲ.

ಲಾವಣಿಗೆ, ಅಂದರೆ ಗೇಣಿಗೆ, ಹೊಲ ಹಾಕಿಕೊಂಡವರ ಪಾಡು ಇನ್ನೂ ಕಷ್ಟ. ದಾಖಲೆ ಎಂದಾಗ ಮೊದಲು ಕೇಳುವುದು ಪಹಣಿ. ಹೊಲದಲ್ಲಿ ಬೆವರು ಸುರಿಸುವವರು ಒಬ್ಬರು, ಪಹಣಿಯಲ್ಲಿರುವವರು ಇನ್ನೊಬ್ಬರು. ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದ ಖಾತೆಗಳೂ ಇವೆ. ದೇಶದೊಳಗೂ ಇದೇ ಕಥೆ: ಬೆಂಬಲ ಬೆಲೆಗೆ ಹತ್ತಿ ಮಾರಲು 2025ರಲ್ಲಿ ಬಂದ ಕಪಾಸ್ ಕಿಸಾನ್ ಆ್ಯಪ್ ಕೂಡ ಜಮೀನಿನ ದಾಖಲೆ ಕೇಳುತ್ತದೆ. ಬೆಳೆದವರನ್ನು ಬಿಟ್ಟು ಭೂಮಾಲೀಕರನ್ನು ಗುರುತಿಸುವ ಪತ್ತೆ ವ್ಯವಸ್ಥೆ ಹೆಣ್ಣುಮಕ್ಕಳನ್ನೂ ಭೂಹೀನರನ್ನೂ ಲೆಕ್ಕದಿಂದ ಹೊರಗಿಡುತ್ತದೆ. ಇದು ಅನ್ಯಾಯ.

ಆದರೂ ಕಾಯ್ದೆಗಳು ಕೇಳುವ ಪ್ರಶ್ನೆ ಸುಳ್ಳಲ್ಲ. ಅಮೆರಿಕದ ಕಾರ್ಮಿಕ ಇಲಾಖೆಯ ಬಾಲಕಾರ್ಮಿಕ ಪಟ್ಟಿಯಲ್ಲಿ ಭಾರತದ ಹತ್ತಿಯೂ ಹೈಬ್ರಿಡ್ ಹತ್ತಿಬೀಜವೂ ಇವೆ. ಸುಗ್ಗಿಯ ತಿಂಗಳುಗಳಲ್ಲಿ ಈ ಭಾಗದ ಶಾಲೆಗಳ ಹಿಂದಿನ ಬೆಂಚುಗಳು ಖಾಲಿಯಾಗುವುದನ್ನು ಶಿಕ್ಷಕರು ಬಲ್ಲರು. ಬೆಳಗ್ಗೆಯೇ ಟಂಟಂನಲ್ಲಿ ಒತ್ತೊತ್ತಾಗಿ ಕೂತು ಹತ್ತಿ ಬಿಡಿಸಲು ಹೊರಡುವ ಮಕ್ಕಳಲ್ಲಿ ಹುಡುಗಿಯರೇ ಹೆಚ್ಚು. ಹತ್ತಿ ಬಿಡಿಸುವ ಕೂಲಿ ಕಿಲೋ ಲೆಕ್ಕದಲ್ಲಿ. ಮಗು ಬಿಡಿಸಿದ್ದು ತಾಯಿಯ ಗಂಟಿಗೇ ಸೇರುತ್ತದೆ, ತೂಕದ ಚೀಟಿಯಲ್ಲಿ ಮಗುವಿನ ಹೆಸರೇ ಇರುವುದಿಲ್ಲ. ಆದ್ದರಿಂದ ತಪಾಸಣೆಗೆ ಬಂದವರು ಮಾಲೀಕನ ಪುಸ್ತಕ ನೋಡಿದರೆ ಮಗು ಕಾಣದು. ಶಾಲೆಯ ಹಾಜರಿ ನೋಡಬೇಕು. ಕಂಪನಿ ಹೆದರಿ ಖರೀದಿಯನ್ನೇ ಬೇರೆ ಸೀಮೆಗೆ ಒಯ್ದರೆ ಆ ಹುಡುಗಿ ಶಾಲೆಗೆ ಮರಳುವುದಿಲ್ಲ, ಮನೆಮಂದಿಯೊಂದಿಗೆ ಗುಳೆ ಹೋಗುತ್ತಾಳೆ.

ಮೆಣಸಿನಕಾಯಿಯ ತೊಡಕು ಬೇರೆ ಬಗೆಯದು. ಒಣಮೆಣಸಿನಕಾಯಿಯಲ್ಲಿ ಬೂಸ್ಟಿನ ವಿಷವಾದ ಅಫ್ಲಾಟಾಕ್ಸಿನ್ ಒಟ್ಟಾರೆ ಕಿಲೋಗೆ 10 ಮೈಕ್ರೊಗ್ರಾಂ ಮೀರಬಾರದೆಂಬುದು ಯುರೋಪಿನ ಮಿತಿ. ಬರಿಯ ನೆಲದ ಮೇಲೆ ಒಣಗಿಸಿದ, ಇಬ್ಬನಿಗೆ ನೆನೆದ, ತೂಕಕ್ಕೆಂದು ನೀರು ಚಿಮುಕಿಸಿದ ಕಾಯಿಗೆ ಬೂಸ್ಟು ಬೇಗ ಹಿಡಿಯುತ್ತದೆ. ಇಲ್ಲಿ ತಾಡಪಾಲು ಮತ್ತು ಒಣಗಿಸುವ ಕಟ್ಟೆ ಇದ್ದರೆ ಅರ್ಧ ಕೆಲಸ ಮುಗಿದಂತೆ.

ಹತ್ತಿಯಲ್ಲಿ ಅಷ್ಟು ಸುಲಭದ ದಾರಿ ಇಲ್ಲ. ಒಬ್ಬೊಬ್ಬ ರೈತ ಪ್ರತ್ಯೇಕವಾಗಿ ತನ್ನ ಹತ್ತಿಯ ಮೂಲಕ್ಕೆ ಪ್ರಮಾಣಪತ್ರ ಪಡೆಯುವುದು ಆಗದ ಮಾತು; ಗುಂಪಾಗಿ, ರೈತ ಉತ್ಪಾದಕ ಕಂಪನಿಯ ಮೂಲಕ ಪಡೆಯಬಹುದು. ಆಗ ಮಾಲನ್ನು ಬೇರೆಯಾಗಿಯೇ ರಾಶಿ ಹಾಕಿ ಜಿನ್ ಮಾಡಿಸಬೇಕು, ಪ್ಲಾಸ್ಟಿಕ್ ಚೀಲದ ಎಳೆ ಬೆರೆಯದಂತೆ ಬಟ್ಟೆಯ ಗಂಟು ಬಳಸಬೇಕು, ಬಿತ್ತುವ ಮೊದಲೇ ಬಂಡವಾಳ ಕೊಟ್ಟು ಉದ್ದರಿ ಬಿಡಿಸಬೇಕು. ಸದಸ್ಯರ ಪಟ್ಟಿಯಲ್ಲಿ ಲಾವಣಿದಾರರ ಹೆಸರನ್ನು ಗ್ರಾಮದವರ ಸಾಕ್ಷಿಯ ಮೇಲೆ ಸೇರಿಸಬೇಕು. ಈ ಎಲ್ಲಕ್ಕೂ ತಗಲುವ ಖರ್ಚು ಕ್ವಿಂಟಲ್ ದರದಲ್ಲೇ ರೈತನಿಗೆ ಬರಬೇಕು. ದಾಖಲೆ ಬೇಕೆಂದು ಕೇಳಿದ ಕಂಪನಿ ಆ ಖರ್ಚನ್ನು ಖರೀದಿ ಕರಾರಿನಲ್ಲೇ ಬರೆದುಕೊಡಬೇಕು.