ಬೇ-ಡೋಲ್ ಕಾಯ್ದೆ ಮತ್ತು ವಿಶ್ವವಿದ್ಯಾಲಯಗಳ ಪೇಟೆಂಟ್ ಪರವಾನಗಿ

ಬೇ-ಡೋಲ್ ಕಾಯ್ದೆ (ಅಮೆರಿಕ, 1980): ಸರ್ಕಾರಿ ಅನುದಾನದ ಸಂಶೋಧನೆಯಿಂದ ಹುಟ್ಟಿದ ಆವಿಷ್ಕಾರದ ಪೇಟೆಂಟನ್ನು ವಿಶ್ವವಿದ್ಯಾಲಯವೇ ಇಟ್ಟುಕೊಂಡು, ಕಂಪನಿಗಳಿಗೆ ಪರವಾನಗಿ ನೀಡಿ ರಾಯಧನ ಪಡೆಯಬಹುದು. ಅದರಲ್ಲಿ ಸಂಶೋಧಕರಿಗೂ ಪಾಲು ಕೊಡಬೇಕು.

ಪರವಾನಗಿ ಮುಖ್ಯವಾಗಿ ಎರಡು ಬಗೆ. ಡಿಎನ್‌ಎ ಮರುಸಂಯೋಜನೆಯ ಕೋಹೆನ್-ಬೋಯರ್ ಪೇಟೆಂಟಿಗೆ ಸ್ಟ್ಯಾನ್‌ಫರ್ಡ್ ನೂರಾರು ಕಂಪನಿಗಳಿಗೆ ಪರವಾನಗಿ ಕೊಟ್ಟಿತು. ಇದು ಏಕಸ್ವಾಮ್ಯವಲ್ಲದ ಪರವಾನಗಿ. 1997ರಲ್ಲಿ ಪೇಟೆಂಟ್ ಅವಧಿ ಮುಗಿಯಿತು; ಒಟ್ಟು ಗಳಿಕೆ ಸುಮಾರು 25 ಕೋಟಿ ಡಾಲರ್. ವೆಬ್ ಹುಡುಕಾಟದ ಪೇಜ್‌ರ‍್ಯಾಂಕ್ ವಿಧಾನದ ಪರವಾನಗಿ ಮಾತ್ರ ಗೂಗಲ್‌ಗಷ್ಟೇ ಸಿಕ್ಕಿತು; ಇದು ಏಕಸ್ವಾಮ್ಯ ಪರವಾನಗಿ. ಹಾಗೆಂದು ಪೇಟೆಂಟ್ ಗೂಗಲ್‌ನದು ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ: ಒಡೆತನ ಸ್ಟ್ಯಾನ್‌ಫರ್ಡ್‌ನದಾಗಿತ್ತು. ಪರವಾನಗಿಗೆ ಪ್ರತಿಯಾಗಿ ಪಡೆದ ಷೇರುಗಳನ್ನು 2005ರ ವೇಳೆಗೆ ಮಾರಿ ಅದು ಸುಮಾರು 33.6 ಕೋಟಿ ಡಾಲರ್ ಗಳಿಸಿತು.

ಭಾರತ: ಇದೇ ಮಾದರಿಯ ಮಸೂದೆ 2008ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಯಿತು, 2014ರಲ್ಲಿ ಹಿಂಪಡೆಯಲಾಯಿತು.