ವಿಟ್ಬಿಗೆ ಕಾರಿನಲ್ಲಿ ಹೊರಟವರಿಗೆ
ಬೇಸಿಗೆಯಲ್ಲಿ ಇಂಗ್ಲೆಂಡಿನ ಕಡಲೂರು ವಿಟ್ಬಿಗೆ ಹೊರಟಿದ್ದೀರಾ? ಕಾರನ್ನು ಊರೊಳಗೆ ಒಯ್ಯಬೇಡಿ. ಎಸ್ಕ್ ನದಿಯ ಎರಡೂ ದಡದಲ್ಲಿ ಇಕ್ಕಟ್ಟಿನ ಬೀದಿಗಳು. ನಡುವಿನ ಸೇತುವೆಯೋ, ಎತ್ತರದ ದೋಣಿ ಬಂದರೆ ಪಕ್ಕಕ್ಕೆ ತಿರುಗಿ ದಾರಿಯನ್ನೇ ಕಡಿದುಬಿಡುತ್ತದೆ. ಊರಿಗೆ ಮುಂಚೆ, ಪಶ್ಚಿಮದಿಂದ ಬರುವ ಎ171 ರಸ್ತೆಯ ಬದಿಯಲ್ಲೇ ಪಾರ್ಕ್ ಅಂಡ್ ರೈಡ್ ಇದೆ. ಅಲ್ಲಿ ಕಾರು ಬಿಟ್ಟು ಬಸ್ಸು ಹತ್ತಿ. ಇಂಥ ಅನುಕೂಲವನ್ನು ಇನ್ನಷ್ಟು ಗಟ್ಟಿಯಾಗಿ ಸಾರಬೇಡವೇ? ಗೊತ್ತಿಲ್ಲದವರು ಬೋರ್ಡು ದಾಟಿ ಬಂದು, ಬಂದರಿನ ಬಳಿ ಜಾಗ ಹುಡುಕುತ್ತಾ ಸುತ್ತು ಹೊಡೆಯುತ್ತಾರೆ.

ಈ ಪಾರ್ಕ್ ಅಂಡ್ ರೈಡ್ ಪ್ರವಾಸಿ ಋತುವಿನ ಸೇವೆ, ಹಾಗಾಗಿ ಹೊರಡುವ ಮುನ್ನ ವಿಚಾರಿಸಿ. ಕೊನೆಯ ಬಸ್ಸು ಎಷ್ಟಕ್ಕೆಂದು ಇಳಿಯುವಾಗಲೇ ಚಾಲಕರನ್ನು ಕೇಳಿಬಿಡಿ. ಮೀನು-ಚಿಪ್ಸ್ ಅಂಗಡಿಯ ಸಾಲಿನಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಬೆಟ್ಟದ ಮೇಲಿನ ಹಾಳು ಮಠಕ್ಕೆ 199 ಮೆಟ್ಟಿಲು, ಅವನ್ನು ಹತ್ತಲು ಮಾತ್ರ ಕಾಲೇ ಗತಿ.