ತಮ್ಮ-ತಂಗಿಯರ ಜೊತೆ ಮಳೆ ಅಳೆಯೋಣ

ಮಕ್ಕಳೇ, ಮಳೆಗೆ ಶಾಲೆ ರಜೆ ಬಿಟ್ಟ ದಿನ ಮನೆಯಲ್ಲಿ ಏನಾಗುತ್ತೆ ಅಂತ ನಿಮಗೇ ಗೊತ್ತು. ಹೊರಗೆ ಹೋಗುವ ಹಾಗಿಲ್ಲ. ಪುಟ್ಟ ತಮ್ಮನೋ ತಂಗಿಯೋ ಒಂದು ಕಡೆ ಕೂರುವುದಿಲ್ಲ. "ಸ್ವಲ್ಪ ಹೊತ್ತು ಇವನನ್ನ ಆಡಿಸು" ಅಂತ ಅಮ್ಮ ನಿಮಗೆ ಹೇಳ್ತಾರೆ. ಈ ಪಾಠ ಆ ಹೊತ್ತಿಗೆ ಬರೆದದ್ದು. ಇದರಲ್ಲಿ ಮೂರು ಕೆಲಸಗಳಿವೆ. ಮೂರಕ್ಕೂ ಅಂಗಡಿಯಿಂದ ಏನೂ ತರಬೇಕಾಗಿಲ್ಲ. ಮೂರರಿಂದ ಆರು ವರ್ಷದ ಮಕ್ಕಳಿಗೆ ಇದು ಆಟ, ಹೈಸ್ಕೂಲಿನ ನಿಮಗೆ ವಿಜ್ಞಾನ.

ಮಳೆಯನ್ನೇ ಯಾಕೆ ಆರಿಸಿಕೊಂಡೆವು? ನಮ್ಮ ಕೆತ್ತಿಗೆ ಮಳೆಯ ಲೆಕ್ಕದಲ್ಲಿ ಒಂದು ದೊಡ್ಡ ಹೆಸರಿದೆ. 2009ರ ನವೆಂಬರ್ 10ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಇಲ್ಲಿ 820 ಮಿಲಿಮೀಟರ್ ಮಳೆ ದಾಖಲಾಯಿತು. ಬೆಂಗಳೂರಿನಲ್ಲಿ ಇಡೀ ವರ್ಷಕ್ಕೆ ಸರಾಸರಿ ಬೀಳುವುದೇ ಸುಮಾರು 970 ಮಿ.ಮೀ. ಆ ದಿನಗಳಲ್ಲಿ ನೀಲಗಿರಿಯ ಹಲವು ಕಡೆ ಗುಡ್ಡ ಕುಸಿಯಿತು, 40ಕ್ಕೂ ಹೆಚ್ಚು ಜನ ತೀರಿಕೊಂಡರು, ರಸ್ತೆಗಳೂ ಬೆಟ್ಟದ ರೈಲಿನ ಹಳಿಯೂ ಹಾಳಾದವು. ಆಗ ನಿಮ್ಮಲ್ಲಿ ಯಾರೂ ಹುಟ್ಟಿರಲಿಲ್ಲ, ಅಥವಾ ತೀರಾ ಚಿಕ್ಕವರಿದ್ದಿರಿ. ಮನೆಯಲ್ಲಿ ಅಜ್ಜ-ಅಜ್ಜಿಯನ್ನು ಕೇಳಿ ನೋಡಿ.

"820 ಮಿ.ಮೀ." ಅಂತ ಪೇಪರಿನಲ್ಲಿ ಓದುವುದು ಸುಲಭ. ಅದು ಎಷ್ಟು ನೀರು ಅನ್ನುವುದು ನಮ್ಮ ಕೈಯಿಂದಲೇ ಅಳೆದರೆ ಮಾತ್ರ ಅರ್ಥವಾಗುತ್ತದೆ.

ಕೆಲಸ 1: ಮಳೆಡಬ್ಬಿ

ಬೇಕಾಗುವ ಸಾಮಾನು: ಬಾಯಿಂದ ತಳದವರೆಗೆ ಒಂದೇ ಅಗಲ ಇರುವ ಡಬ್ಬಿ (ಹಾಲಿನ ಪುಡಿಯ ಹಳೆ ಡಬ್ಬಿ ಆಗುತ್ತದೆ), ನಾಲ್ಕು ಕಲ್ಲು, ಒಂದು ಒಣ ಕಡ್ಡಿ, ಒಂದು ಸ್ಕೇಲು. ಪುಸ್ತಕಗಳಲ್ಲಿ ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಮಾಡಿ ಅಂತ ಬರೆದಿರುತ್ತಾರೆ. ಒಮ್ಮೆ ಬಳಸಿ ಬಿಸಾಡುವ ಆ ಬಾಟಲಿಗಳಿಗೆ ನಮ್ಮ ಜಿಲ್ಲೆಯಲ್ಲಿ ನಿಷೇಧ ಇದೆ. ಮೇಲಾಗಿ ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಅಳತೆ ಸರಿ ಬರುವುದೂ ಇಲ್ಲ.

ಮಾಡುವ ವಿಧಾನ: ಡಬ್ಬಿಯನ್ನು ಬಯಲಿನಲ್ಲಿ ಇಡಿ. ಹತ್ತಿರದ ಗೋಡೆ ಅಥವಾ ಮರ ಎಷ್ಟು ಎತ್ತರ ಇದೆಯೋ ಅದರ ಎರಡರಷ್ಟು ದೂರದಲ್ಲಿ ಇಟ್ಟರೆ ಒಳ್ಳೆಯದು. ಸೂರಿನ ಕೆಳಗೆ ಇಟ್ಟರೆ ಚಾವಣಿಯ ನೀರೂ ಬಂದು ಸೇರುತ್ತದೆ. ಡಬ್ಬಿಯ ಬಾಯಿ ನೆಲದಿಂದ ಒಂದು ಅಡಿ ಮೇಲಿರಲಿ, ಇಲ್ಲದಿದ್ದರೆ ನೆಲಕ್ಕೆ ಬಿದ್ದ ಹನಿ ಸಿಡಿದು ಒಳಗೆ ಹೋಗುತ್ತದೆ. ಗಾಳಿಗೆ ಬೀಳದ ಹಾಗೆ ಸುತ್ತ ಕಲ್ಲು ಒತ್ತಿ. ಕಲ್ಲು ಹುಡುಕಿ ತರುವ ಕೆಲಸ ತಮ್ಮನಿಗೆ ಕೊಡಿ.

ದಿನಾ ಬೆಳಿಗ್ಗೆ 8.30ಕ್ಕೆ ಕಡ್ಡಿಯನ್ನು ನೇರವಾಗಿ ಡಬ್ಬಿಯ ತಳಕ್ಕೆ ಇಳಿಸಿ ತೆಗೆಯಿರಿ. ಒದ್ದೆಯಾದ ಭಾಗ ಎಷ್ಟಿದೆ ಎಂದು ಸ್ಕೇಲಿನಲ್ಲಿ ನೋಡಿ ಬರೆಯಿರಿ. ಸ್ಕೇಲನ್ನೇ ನೀರಿಗೆ ಇಳಿಸಬೇಡಿ. ಹೆಚ್ಚಿನ ಸ್ಕೇಲುಗಳಲ್ಲಿ ಸೊನ್ನೆಯ ಗೆರೆ ತುದಿಯಿಂದ ಸ್ವಲ್ಪ ಒಳಗೆ ಇರುತ್ತದೆ. ಆಮೇಲೆ ನೀರು ಚೆಲ್ಲಿ ಡಬ್ಬಿ ಒರೆಸಿ ಇಡಿ, ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ. ಹವಾಮಾನ ಇಲಾಖೆಯವರೂ ಮಳೆಯ ದಿನವನ್ನು 8.30ರಿಂದ 8.30ಕ್ಕೆ ಎಣಿಸುತ್ತಾರೆ. ನಿಮಗೆ ಬಸ್ಸು ಬೇಗ ಇದ್ದರೆ 7.30ಕ್ಕೆ ನೋಡಿ, ಆದರೆ ಪ್ರತಿದಿನವೂ ಅದೇ ಹೊತ್ತು ಇರಲಿ.

ಡಬ್ಬಿಯ ಅಗಲ ಎಷ್ಟಿರಬೇಕು? ಈ ಪ್ರಶ್ನೆ ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ: ಎಷ್ಟಾದರೂ ಇರಲಿ. ಅಗಲವಾದ ಡಬ್ಬಿ ಹೆಚ್ಚು ಹನಿಗಳನ್ನು ಹಿಡಿಯುತ್ತದೆ, ಆದರೆ ಹಿಡಿದ ನೀರು ಅಷ್ಟೇ ಅಗಲಕ್ಕೆ ಹರಡಿಕೊಳ್ಳುತ್ತದೆ. ಆದ್ದರಿಂದ ನೀರಿನ ಎತ್ತರ ಎರಡು ಡಬ್ಬಿಗಳಲ್ಲೂ ಒಂದೇ. ನಂಬಿಕೆ ಬರದಿದ್ದರೆ ಒಂದು ದೊಡ್ಡ ಡಬ್ಬಿ, ಒಂದು ಚಿಕ್ಕ ಡಬ್ಬಿ ಪಕ್ಕಪಕ್ಕ ಇಟ್ಟು ನೋಡಿ. ಬಕೆಟ್ಟು ಮಾತ್ರ ಬೇಡ. ಅದರ ಬಾಯಿ ಅಗಲ, ತಳ ಕಿರಿದು. ಅಗಲ ಬಾಯಿ ಹಿಡಿದ ನೀರು ಕಿರಿದಾದ ತಳದಲ್ಲಿ ನಿಂತು ಮಳೆ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಬಿಂದಿಗೆ ಇಟ್ಟರೆ ಏನಾಗುತ್ತದೆ? ನೀವೇ ಯೋಚಿಸಿ.

ತುಂತುರು ಮಳೆಯ ದಿನ ಡಬ್ಬಿಯಲ್ಲಿ ಒಂದೆರಡು ಮಿ.ಮೀ. ಮಾತ್ರ ಇರುತ್ತದೆ. ಕಡ್ಡಿಯಲ್ಲಿ ಅದು ಸರಿಯಾಗಿ ಕಾಣುವುದಿಲ್ಲ. ಆಗ ಆ ನೀರನ್ನು ಕಿರಿದಾದ ನೇರ ಲೋಟಕ್ಕೆ ಸುರಿಯಿರಿ. ಡಬ್ಬಿಯ ಅಡ್ಡಳತೆ 10 ಸೆಂ.ಮೀ., ಲೋಟದ್ದು 5 ಸೆಂ.ಮೀ. ಇದ್ದರೆ ನೀರು ನಾಲ್ಕು ಪಟ್ಟು ಎತ್ತರಕ್ಕೆ ನಿಲ್ಲುತ್ತದೆ. 2 ಮಿ.ಮೀ. ಮಳೆ 8 ಮಿ.ಮೀ. ಆಗಿ ಕಾಣುತ್ತದೆ. ಬಂದ ಅಳತೆಯನ್ನು 4ರಿಂದ ಭಾಗಿಸಿ ಬರೆಯಿರಿ. ವೃತ್ತದ ವಿಸ್ತೀರ್ಣದ ಸೂತ್ರ ಯಾತಕ್ಕೆ ಬೇಕು ಅಂತ ಇನ್ನು ಮುಂದೆ ಯಾರೂ ಕೇಳಬೇಡಿ!

ಮಳೆ ಅಳೆಯುವುದು ಹೊಸ ವಿದ್ಯೆ ಏನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಹತ್ತಿರ ಒಂದು ಮೊಳ ಬಾಯಿಯ ಪಾತ್ರೆ ಇಟ್ಟು ಮಳೆ ಅಳೆಯಬೇಕು ಎಂದಿದೆ. ಕೊರಿಯಾ ದೇಶದಲ್ಲಿ 1441ರಲ್ಲಿ ರಾಜ ಸೆಜೊಂಗನ ಕಾಲದಲ್ಲಿ ಮಳೆಮಾಪಕ ರೂಪಿಸಿ, ಊರೂರಿಗೆ ಕಳಿಸಿ ಲೆಕ್ಕ ತರಿಸುತ್ತಿದ್ದರು. ಎರಡೂ ಕಡೆ ಕಾರಣ ಒಂದೇ, ಬೇಸಾಯ.

ಕೆಲಸ 2: ಕಾಗದದ ಮಳೆ

ಬೇಕಾಗುವ ಸಾಮಾನು: ಹಳೆ ಕ್ಯಾಲೆಂಡರ್, ಬಣ್ಣದ ಕಾಗದ (ನೋಟ್‌ಬುಕ್ಕಿಗೆ ಹಾಕಿದ ಹಳೆ ಬೈಂಡು ಸಾಕು), ಕತ್ತರಿ, ಅಂಟು.

ಒಂದು ಬೆರಳಿನಷ್ಟು ಅಗಲದ ಕಾಗದದ ಪಟ್ಟಿಗಳನ್ನು ಮಾಡಿಟ್ಟುಕೊಳ್ಳಿ. ಇವತ್ತು ಮಳೆ 23 ಮಿ.ಮೀ. ಬಿದ್ದಿದ್ದರೆ 23 ಮಿ.ಮೀ. ಉದ್ದದ ಪಟ್ಟಿ ಕತ್ತರಿಸಿ ಕೊಡಿ. ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಅಡ್ಡಗೆರೆ ಎಳೆದು, ಅದರ ಮೇಲೆ ದಿನಕ್ಕೊಂದರಂತೆ ಸಾಲಾಗಿ ತಂಗಿ ಅಂಟಿಸಲಿ. ಕತ್ತರಿ ನಿಮ್ಮ ಕೈಯಲ್ಲಿ, ಅಂಟು ಅವಳ ಕೈಯಲ್ಲಿ. ಮಳೆ ಇಲ್ಲದ ದಿನ ಒಂದು ಸೂರ್ಯನ ಚಿತ್ರ ಬರೆಯಲಿ. ಮಂಜು ಕವಿದು ಡಬ್ಬಿಯೊಳಗೆ ಬರೀ ಹನಿ ಕಟ್ಟಿದ್ದರೆ ಒಂದು ಚುಕ್ಕೆ ಇಡಲಿ.

ಇನ್ನೂ ಅಂಕಿ ಓದಲು ಬಾರದ ಮಗು ಕೂಡ ತಿಂಗಳ ಕೊನೆಗೆ "ಈ ದಿನ ಜಾಸ್ತಿ, ಆ ದಿನ ಕಮ್ಮಿ" ಅಂತ ಬೆರಳಿಟ್ಟು ಹೇಳುತ್ತದೆ. ನೀವು ಗಣಿತದಲ್ಲಿ ಕಲಿಯುವ ಸ್ತಂಭಾಲೇಖ ಇದೇ.

ಈಗ ಒಂದು ವಿಶೇಷ ಪಟ್ಟಿ ಮಾಡಿ. ಕಾಗದಗಳನ್ನು ಒಂದಕ್ಕೊಂದು ಅಂಟಿಸಿ 82 ಸೆಂ.ಮೀ. ಉದ್ದ ಮಾಡಿ. ಅದನ್ನು ಬಾಗಿಲ ಚೌಕಟ್ಟಿನ ಪಕ್ಕ ನೆಲದಿಂದ ಮೇಲಕ್ಕೆ ಅಂಟಿಸಿ. 2009ರಲ್ಲಿ ಕೆತ್ತಿಯಲ್ಲಿ ಒಂದು ದಿನ ಬಿದ್ದ ಮಳೆ ಅಷ್ಟು. ಪುಟ್ಟ ತಂಗಿಯನ್ನು ಅದರ ಪಕ್ಕ ನಿಲ್ಲಿಸಿ ನೋಡಿ. ಎರಡು ವರ್ಷದ ಮಗುವಿನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬಿದ್ದ ನೀರು ಹರಿಯದೆ, ಇಂಗದೆ, ಬಿದ್ದಲ್ಲೇ ನಿಂತಿದ್ದರೆ ಅಂಗಳದಲ್ಲಿ ಅಷ್ಟು ಎತ್ತರಕ್ಕೆ ನಿಲ್ಲುತ್ತಿತ್ತು.

ಇನ್ನೊಂದು ಲೆಕ್ಕ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಅಂದರೆ ಸರಿಯಾಗಿ 1 ಲೀಟರ್ ನೀರು. 6 ಮೀಟರ್ ಉದ್ದ, 5 ಮೀಟರ್ ಅಗಲದ ಚಾವಣಿ ಇರುವ ಮನೆಯ ಮೇಲೆ ಆ ದಿನ ಬಿದ್ದದ್ದು 30 × 820 = 24,600 ಲೀಟರ್. ಒಂದು ಹೆಕ್ಟೇರ್ ಕ್ಯಾರೆಟ್ ತೋಟದ ಮೇಲೆ ಬಿದ್ದದ್ದು 82 ಲಕ್ಷ ಲೀಟರ್, ಅಂದರೆ 10,000 ಲೀಟರಿನ ಟ್ಯಾಂಕರ್ ಲಾರಿಗಳು 820. ಅಷ್ಟು ನೀರಿನ ಭಾರವನ್ನು ಇಳಿಜಾರಿನ ಮಣ್ಣು ತಡೆದುಕೊಳ್ಳಬೇಕು.

ಕೆಲಸ 3: ಮರಳಿನ ಗುಡ್ಡ

ಗುಡ್ಡ ಪ್ರತಿ ಮಳೆಗೂ ಯಾಕೆ ಕುಸಿಯುವುದಿಲ್ಲ? ಒಂದು ದಿನ ಮಾತ್ರ ಯಾಕೆ ಕುಸಿಯುತ್ತದೆ? ಇದಕ್ಕೆ ಬೇಕಾದದ್ದು ಒಂದು ಅಗಲ ತಟ್ಟೆ, ಮೂರು ಲೋಟ ಮರಳು, ನೀರು.

ಮೊದಲು ಒಣ ಮರಳನ್ನು ಲೋಟದಲ್ಲಿ ತುಂಬಿ ತಟ್ಟೆಗೆ ಬೋರಲು ಹಾಕಿ. ನಿಲ್ಲುವುದಿಲ್ಲ, ಹರಡಿಬಿಡುತ್ತದೆ. ಎರಡನೆಯ ಲೋಟದ ಮರಳಿಗೆ ಸ್ವಲ್ಪವೇ ನೀರು ಕಲಸಿ, ಒತ್ತಿ ತುಂಬಿ ಬೋರಲು ಹಾಕಿ. ಲೋಟದ ಆಕಾರದಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಪುಟ್ಟ ಮಕ್ಕಳು ಇಲ್ಲಿ ಚಪ್ಪಾಳೆ ತಟ್ಟುತ್ತಾರೆ. ಮೂರನೆಯ ಲೋಟದ ಮರಳಿಗೆ ಮೇಲೆ ನೀರು ನಿಲ್ಲುವಷ್ಟು ಹಾಕಿ ಬೋರಲು ಮಾಡಿ. ಅಂಬಲಿಯ ಹಾಗೆ ಹರಿದು ಹೋಗುತ್ತದೆ.

ಯಾಕೆ ಹೀಗೆ? ಸ್ವಲ್ಪ ನೀರು ಇದ್ದಾಗ ಅದು ಕಣಗಳ ನಡುವೆ ತೆಳ್ಳಗೆ ನಿಂತು, ತನ್ನ ಮೇಲ್ಮೈ ಎಳೆತದಿಂದ ಕಣಗಳನ್ನು ಹತ್ತಿರ ಹಿಡಿಯುತ್ತದೆ. ಕಣಗಳ ನಡುವಿನ ಸಂದುಗಳೆಲ್ಲ ನೀರಿನಿಂದ ತುಂಬಿಹೋದರೆ ಆ ಎಳೆತ ಇಲ್ಲವಾಗುತ್ತದೆ. ಬದಲಿಗೆ ನೀರಿನ ಒತ್ತಡ ಕಣಗಳನ್ನು ಒಂದರಿಂದ ಒಂದು ದೂರ ತಳ್ಳುತ್ತದೆ. ಹಿಡಿತ ಕಡಿಮೆ, ಭಾರ ಜಾಸ್ತಿ. ಇಳಿಜಾರಿನಲ್ಲಿ ಇವೆರಡೂ ಸೇರಿದಾಗ ಮಣ್ಣು ಜಾರುತ್ತದೆ. ದಿನಗಟ್ಟಲೆ ಮಳೆ ಬಿದ್ದು ಸಂದುಗಳು ಆಗಲೇ ತುಂಬಿದ್ದರೆ, ಅದರ ಮೇಲೆ ಬೀಳುವ ಒಂದು ಜೋರು ಮಳೆ ಸಾಕು. ಅದಕ್ಕೇ ಇವತ್ತಿನ ಪಟ್ಟಿ ಮಾತ್ರ ನೋಡಿದರೆ ಸಾಲದು, ಹಿಂದಿನ ಮೂರು-ನಾಲ್ಕು ದಿನದ ಪಟ್ಟಿಗಳನ್ನೂ ಸೇರಿಸಿ ನೋಡಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2024ರಿಂದ ನೀಲಗಿರಿಗೆ ಮಳೆಗಾಲದಲ್ಲಿ ಭೂಕುಸಿತದ ಮುನ್ಸೂಚನೆ ಕೊಡುತ್ತಿದೆ. ಅಂಥ ಮುನ್ಸೂಚನೆಗೂ ಮಳೆಯ ಅಳತೆಯೇ ಮುಖ್ಯ ಆಧಾರ.

ಎಚ್ಚರಿಕೆಗಳು

ಜೋರು ಮಳೆಯಲ್ಲಿ, ಗುಡುಗು ಮಿಂಚಿನಲ್ಲಿ ಡಬ್ಬಿ ನೋಡಲು ಹೊರಗೆ ಹೋಗಬಾರದು. 15 ಸೆಂ.ಮೀ. ಎತ್ತರದ ಡಬ್ಬಿ 150 ಮಿ.ಮೀ.ಗೆ ತುಂಬಿಹೋಗುತ್ತದೆ. ಆಗ ಅಂದಾಜಿಗೆ ಏನೋ ಒಂದು ಅಂಕಿ ಬರೆಯಬೇಡಿ, "150ಕ್ಕಿಂತ ಹೆಚ್ಚು, ತುಂಬಿ ಹರಿದಿದೆ" ಎಂದೇ ಬರೆಯಿರಿ. ಅದೂ ಸರಿಯಾದ ದಾಖಲೆಯೇ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ ಮಳೆ. ನಿಮ್ಮ ಕಾಗದದ ಮೇಲೆ ಈ ಮೂರು ಎತ್ತರಗಳಿಗೆ ಕೆಂಪು ಗೆರೆ ಎಳೆದಿಡಿ.

ಹಟ್ಟಿಯ ಹತ್ತಿರದ ಇಳಿಜಾರಿನಲ್ಲಿ ಹೊಸ ಬಿರುಕು ಕಂಡರೆ, ನೆಟ್ಟಗಿದ್ದ ಕಂಬವೋ ಮರವೋ ವಾಲಿದರೆ, ತಿಳಿಯಾಗಿದ್ದ ಹಳ್ಳದ ನೀರು ಇದ್ದಕ್ಕಿದ್ದಂತೆ ಕೆಸರಾದರೆ, ಹತ್ತಿರ ಹೋಗಿ ನೋಡುತ್ತಾ ನಿಲ್ಲಬೇಡಿ. ಚಿಕ್ಕವರನ್ನು ಕರೆದುಕೊಂಡು ದೂರ ಬಂದು ದೊಡ್ಡವರಿಗೆ ಹೇಳಿ. ಜಿಲ್ಲಾ ವಿಪತ್ತು ಸಹಾಯವಾಣಿ 1077.

ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳಲ್ಲಿ ಗಾಜಿನ ಪಾತ್ರೆ ಹೊರಗಿಡಬೇಡಿ. ನೀರು ಮಂಜುಗಡ್ಡೆಯಾಗಿ ಹಿಗ್ಗಿದರೆ ಗಾಜು ಒಡೆಯುತ್ತದೆ.

ಶಾಲೆಯಲ್ಲಿ ಒಟ್ಟಿಗೆ ಮಾಡಿ

ನೀಲಗಿರಿಯಲ್ಲಿ ಎಲ್ಲಾ ಕಡೆ ಒಂದೇ ಮಳೆ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈರುತ್ಯ ಮುಂಗಾರು ಪಶ್ಚಿಮದ ಗೂಡಲೂರು, ಅವಲಾಂಚಿ ಕಡೆ ಜೋರು. ಅಕ್ಟೋಬರ್ ನಂತರದ ಈಶಾನ್ಯ ಮಾರುತ ಪೂರ್ವದ ಕೂನೂರು, ಕೋತಗಿರಿ, ಕೆತ್ತಿ ಕಡೆ ಜೋರು. ಕೆತ್ತಿಯ 820 ಮಿ.ಮೀ. ಬಂದದ್ದು ನವೆಂಬರಿನಲ್ಲಿ. ಅವಲಾಂಚಿಯಲ್ಲಿ ಒಂದೇ ದಿನ 900 ಮಿ.ಮೀ. ದಾಟಿದ್ದು 2019ರ ಆಗಸ್ಟಿನಲ್ಲಿ. ಬೆಟ್ಟದ ಮರೆಯಲ್ಲಿರುವ ಮಸಿನಗುಡಿಗೆ ಇವರಿಬ್ಬರಿಗಿಂತ ಕಡಿಮೆ ಮಳೆ. ಒಂದೇ ಕಣಿವೆಯ ಎರಡು ಹಟ್ಟಿಗಳ ನಡುವೆಯೂ ವ್ಯತ್ಯಾಸ ಇರುತ್ತದೆ. ಎಲ್ಲ ಹಟ್ಟಿಯಲ್ಲೂ ಸರ್ಕಾರದ ಮಳೆಮಾಪಕ ಇರುವುದಿಲ್ಲ. ಆದರೆ ಎಲ್ಲ ಹಟ್ಟಿಯಿಂದಲೂ ಶಾಲೆಗೆ ಬರುವ ಮಕ್ಕಳಿದ್ದಾರೆ.

ಅಭ್ಯಾಸ

1. ಒಂದೇ ತರಗತಿಯ ಐದು ಮನೆಗಳ ಒಂದು ವಾರದ ಅಳತೆಯನ್ನು ಒಂದೇ ಕಾಗದದಲ್ಲಿ ಬರೆಯಿರಿ. ಯಾವ ಮನೆಯಲ್ಲಿ ಹೆಚ್ಚು? ಕಾರಣ ಏನಿರಬಹುದು?

2. ನಿಮ್ಮ ಮನೆಯ ಚಾವಣಿಯ ಉದ್ದ, ಅಗಲ ಅಳೆದು, 10 ಮಿ.ಮೀ. ಮಳೆಗೆ ಎಷ್ಟು ಲೀಟರ್ ನೀರು ಬೀಳುತ್ತದೆ ಲೆಕ್ಕ ಹಾಕಿ. ಅಷ್ಟು ನೀರು ಹಿಡಿಯಲು ಎಷ್ಟು ಬಿಂದಿಗೆ ಬೇಕು?

3. ಮರಳಿನ ಬದಲು ನಿಮ್ಮ ತೋಟದ ಮಣ್ಣಿನಲ್ಲಿ ಮೂರನೆಯ ಕೆಲಸ ಮಾಡಿ. ಮರಳಿಗೂ ಮಣ್ಣಿಗೂ ಏನು ವ್ಯತ್ಯಾಸ ಕಂಡಿತು?

4. ಬೇರಿನ ಸಮೇತ ಕಿತ್ತ ಹುಲ್ಲಿನ ಹೆಂಟೆ ಒಂದು ತಟ್ಟೆಯಲ್ಲಿ, ಬರೀ ಮಣ್ಣು ಇನ್ನೊಂದು ತಟ್ಟೆಯಲ್ಲಿ ಹಾಕಿ, ಎರಡನ್ನೂ ಒಂದೇ ಓರೆಯಲ್ಲಿ ಇಟ್ಟು ಒಂದೊಂದು ಲೋಟ ನೀರು ಚಿಮುಕಿಸಿ. ಕೆಳಗೆ ಇಳಿದ ನೀರಿನ ಬಣ್ಣ ಯಾವುದರಲ್ಲಿ ಹೆಚ್ಚು ಕೆಂಪು? ನಿಮ್ಮ ತಮ್ಮನನ್ನೋ ತಂಗಿಯನ್ನೋ ಕೇಳಿ, ಅವರು ಹೇಳಿದ ಉತ್ತರವನ್ನು ಹಾಗೆಯೇ ಬರೆದುಕೊಂಡು ಬನ್ನಿ.